ಗಂಟಿಗೆ ಸೂಜಿ ಮುಟ್ಟಿಸಿದರೆ ಹರಡುತ್ತದೆಯೇ? ಒಂದು ಹಳೇ ಭಯದ ಇತಿಹಾಸ

ನಮ್ಮ ಬಳಗದ ಗೆಳತಿಯೊಬ್ಬಳ ಕಾಕಿ ಆಳಂದ ತಾಲ್ಲೂಕಿನವರು. ಜಳಕ ಮಾಡುವಾಗ ಎಡ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ತೊಗರಿ ಕಾಳಿಗಿಂತ ತುಸು ದೊಡ್ಡದು, ನೋವಿಲ್ಲ. ರಾಶಿ ಮುಗಿಯಲಿ ಎಂದು ಸುಮ್ಮನಾದರು. ರಾಶಿ ಮುಗಿದ ಮೇಲೆ ಮನೆಯಲ್ಲಿ ಮದುವೆ ಬಂತು. ಗಂಟು ಅಡಿಕೆಯಷ್ಟಾದಾಗ ಮಗಳು ಹಟ ಮಾಡಿ ಕಲಬುರಗಿಗೆ ಕರೆದುಕೊಂಡು ಹೋದಳು. ಡಾಕ್ಟರು ಮುಟ್ಟಿ ನೋಡಿ, "ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆ ಮಾಡಬೇಕು" ಎಂದರು. ಮನೆಯವರನ್ನು ಕೇಳಿ ಬರುತ್ತೇವೆಂದು ಇಬ್ಬರೂ ಊರಿಗೆ ಮರಳಿದರು.

ಮನೆಯಲ್ಲಿ ಆಯಿ ಒಂದೇ ಮಾತು ಹೇಳಿದರು. "ಬ್ಯಾಡ ಯವ್ವಾ, ಅದಕ್ಕ ಸೂಜಿ ಮುಟ್ಟಿಸಬ್ಯಾಡ. ಮುಟ್ಟಿಸಿದ್ರ ಮೈತುಂಬ ಹರಡ್ತದ."

ಆ ಮಾತಿನಲ್ಲಿ ಹದಿನಾಲ್ಕು ತಿಂಗಳು ಕಳೆದವು.

ಅಫಜಲಪುರದ ಕಡೆಯೂ, ಜೇವರ್ಗಿಯ ಕಡೆಯೂ ನಾವು ಇದೇ ಮಾತು ಕೇಳಿದ್ದೇವೆ. ಓದಿದವರ ಬಾಯಲ್ಲೂ ಕೇಳಿದ್ದೇವೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಹುಡುಕುತ್ತಾ ಹೋದಾಗ ನಮಗೆ ಬೇರೆಯೇ ಒಂದು ಸಂಗತಿ ತಿಳಿಯಿತು. ಆಯಿ ಕೇಳಿದ ಪ್ರಶ್ನೆಯನ್ನು ಜಗತ್ತಿನ ದೊಡ್ಡ ದೊಡ್ಡ ಡಾಕ್ಟರುಗಳು ನೂರೈವತ್ತು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ಕ್ಯಾನ್ಸರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹ್ಯಾಗೆ ಹೋಗುತ್ತದೆ? ಯಾವಾಗ ಹೋಗುತ್ತದೆ? ನಾವು ಮುಟ್ಟುವುದರಿಂದ ಹೋಗುತ್ತದೆಯೇ? ಇಷ್ಟು ವರ್ಷಗಳಲ್ಲಿ ಸಿಕ್ಕ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ರಕ್ತದಲ್ಲಿ ಕಂಡ ಕೋಶಗಳು

ಕಥೆ ಆಸ್ಟ್ರೇಲಿಯಾದಲ್ಲಿ ಶುರುವಾಗುತ್ತದೆ. 1869ರಲ್ಲಿ ಥಾಮಸ್ ಆಶ್‌ವರ್ತ್ ಎಂಬ ಡಾಕ್ಟರು ಕ್ಯಾನ್ಸರ್‌ನಿಂದ ತೀರಿಹೋದ ಒಬ್ಬ ರೋಗಿಯ ಶವಪರೀಕ್ಷೆ ಮಾಡಿದರು. ಆ ರೋಗಿಯ ಮೈಯಲ್ಲಿ ಹಲವು ಗಂಟುಗಳಿದ್ದವು. ಆಶ್‌ವರ್ತ್ ಕಾಲಿನ ರಕ್ತನಾಳದಿಂದ ರಕ್ತ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ರಕ್ತದಲ್ಲಿ ಇರಬಾರದ ಕೋಶಗಳು ಅಲ್ಲಿದ್ದವು. ಗಂಟಿನೊಳಗಿನ ಕೋಶ ಹ್ಯಾಗಿದ್ದವೋ ಇವೂ ಹಾಗೆಯೇ ಇದ್ದವು. ಇವು ಗಂಟಿನಿಂದಲೇ ಬಂದಿದ್ದರೆ ರಕ್ತದ ಜೊತೆ ದೇಹದ ಬಹುಭಾಗ ಸುತ್ತಿಯೇ ಕಾಲಿಗೆ ಬಂದಿರಬೇಕು ಎಂದು ಅವರು ಬರೆದರು.

ಇದನ್ನೇ ಇವತ್ತು ಡಾಕ್ಟರುಗಳು 'ಸಿಟಿಸಿ' ಎನ್ನುತ್ತಾರೆ. ಗಡ್ಡೆಯಿಂದ ಕಳಚಿಕೊಂಡು ರಕ್ತದಲ್ಲಿ ತಿರುಗಾಡುವ ಕ್ಯಾನ್ಸರ್ ಕೋಶ ಎಂದು ಅರ್ಥ. ನಾವು ಇಲ್ಲಿ ಅವನ್ನು 'ಅಲೆಮಾರಿ ಕೋಶ' ಎಂದು ಕರೆಯುತ್ತೇವೆ.

ಇಪ್ಪತ್ತು ವರ್ಷಗಳ ನಂತರ, 1889ರಲ್ಲಿ, ಲಂಡನ್ನಿನ ಸ್ಟೀಫನ್ ಪೇಜೆಟ್ ಎಂಬ ಸರ್ಜನ್ನರು ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಹೆಂಗಸರ ದಾಖಲೆಗಳನ್ನು ಮುಂದಿಟ್ಟುಕೊಂಡು ಕುಳಿತರು. ರೋಗ ಯಾವ ಅಂಗಕ್ಕೆ ಹರಡಿತ್ತು ಎಂದು ಒಂದೊಂದಾಗಿ ಲೆಕ್ಕ ಹಾಕಿದರು. ಯಕೃತ್ತಿಗೆ 241 ಜನರಲ್ಲಿ ಹರಡಿತ್ತು. ಗುಲ್ಮಕ್ಕೆ ಬರೀ 17 ಜನರಲ್ಲಿ. ಎರಡೂ ಅಂಗಗಳಿಗೆ ರಕ್ತ ಚೆನ್ನಾಗಿಯೇ ಹರಿಯುತ್ತದೆ. ರಕ್ತ ಹೋದಲ್ಲೆಲ್ಲಾ ಕ್ಯಾನ್ಸರ್ ಬೆಳೆಯುವುದಾದರೆ ಇಷ್ಟು ವ್ಯತ್ಯಾಸ ಯಾಕೆ?

ಅವರು ಕೊಟ್ಟ ಉತ್ತರ ನಮ್ಮ ಒಕ್ಕಲುತನದ ಮಾತು. ಬೀಜ ಎಲ್ಲ ದಿಕ್ಕಿಗೂ ಹೋಗುತ್ತದೆ, ಒಗ್ಗುವ ಮಣ್ಣಿದ್ದಲ್ಲಿ ಮಾತ್ರ ಮೊಳೆಯುತ್ತದೆ ಎಂದರು. ಎರಿ ಹೊಲದಲ್ಲಿ ಏಳುವ ಪೀಕು ಮಡ್ಡಿಯಲ್ಲಿ ಏಳುವುದಿಲ್ಲ ಎಂದು ನಮ್ಮ ಮುತ್ಯಾಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸ್ತನ ಕ್ಯಾನ್ಸರ್‌ಗೆ ಒಗ್ಗುವ ಮಣ್ಣು ಮುಖ್ಯವಾಗಿ ಎಲುಬು, ಯಕೃತ್ತು, ಶ್ವಾಸಕೋಶ ಮತ್ತು ಮಿದುಳು.

ದೊಡ್ಡ ಕತ್ತಿಯ ಕಾಲ

ಪೇಜೆಟ್ ಹೇಳಿದ್ದನ್ನು ಆ ಕಾಲದ ಸರ್ಜನ್ನರು ಹೆಚ್ಚಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಕೇಳಿದ್ದು ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಮಾತನ್ನು. ಕ್ಯಾನ್ಸರ್ ಹುಟ್ಟಿದ ಜಾಗದಿಂದ ಪಕ್ಕಕ್ಕೆ ಪಕ್ಕಕ್ಕೆ ತೆವಳುತ್ತಾ ಹೋಗುತ್ತದೆ, ಆದ್ದರಿಂದ ಸುತ್ತಲಿನದನ್ನೆಲ್ಲ ತೆಗೆದರೆ ಗುಣವಾಗುತ್ತದೆ ಎಂದು ಅವರು ನಂಬಿದ್ದರು. 1894ರಲ್ಲಿ ತಮ್ಮ 50 ಆಪರೇಷನ್‌ಗಳ ವಿವರ ಪ್ರಕಟಿಸಿದರು. ಇಡೀ ಸ್ತನ, ಅದರಡಿಯ ಎದೆಯ ಸ್ನಾಯು, ಬಗಲಿನ ಗ್ರಂಥಿಗಳು, ಎಲ್ಲವನ್ನೂ ತೆಗೆಯುವ ಆಪರೇಷನ್ ಅದು. ಮುಂದೆ ಸುಮಾರು 80 ವರ್ಷ ಜಗತ್ತಿನ ತುಂಬ ಅದೇ ನಡೆಯಿತು. ಎಷ್ಟೋ ಹೆಂಗಸರಿಗೆ ಆಮೇಲೆ ಕೈ ಎತ್ತಲು ಬರುತ್ತಿರಲಿಲ್ಲ, ತೋಳು ಬಾತುಕೊಳ್ಳುತ್ತಿತ್ತು. ಅಷ್ಟಾದರೂ ಹಲವರಲ್ಲಿ ಕೆಲ ವರ್ಷಗಳ ನಂತರ ರೋಗ ಎಲುಬಿನಲ್ಲೋ ಯಕೃತ್ತಿನಲ್ಲೋ ಕಾಣಿಸಿಕೊಳ್ಳುತ್ತಿತ್ತು. ಕತ್ತಿ ಎದೆಗೆ ಬೀಳುವ ಮೊದಲೇ ಬೀಜ ಹೊಲ ದಾಟಿ ಹೋಗಿತ್ತು.

ನಮ್ಮ ಕಡೆ ಈ ಭಯ ಹ್ಯಾಗೆ ಬೇರು ಬಿಟ್ಟಿತು?

ಈಗ ನಮ್ಮ ಮೂರು ತಾಲ್ಲೂಕುಗಳಿಗೆ ಬರೋಣ. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದೆವು. ಹೈದರಾಬಾದ್‌ನಲ್ಲಿ ಮೆಹದಿ ನವಾಜ್ ಜಂಗ್ ಹೆಸರಿನ ಕ್ಯಾನ್ಸರ್ ದವಾಖಾನೆ ಶುರುವಾಗಿದ್ದು 1955ರಲ್ಲಿ. ಮರುವರ್ಷವೇ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಬಂದಿದ್ದು 1973ರಲ್ಲಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಿಂದ ಇತ್ತು. ಆದರೆ ಭೀಮಾ ದಂಡೆಯ ಒಬ್ಬ ಕೂಲಿ ಹೆಣ್ಣುಮಗಳಿಗೆ ಇವೆಲ್ಲ ಎಷ್ಟು ದೂರ ಎಂದು ನೀವೇ ಯೋಚಿಸಿ.

ಹಾಗಾಗಿ ಜನ ಕೊನೆಗಾಲದಲ್ಲಿ ಹೋಗುತ್ತಿದ್ದರು. ಗಂಟು ಒಡೆದು ಹುಣ್ಣಾದಾಗ, ವಾಸನೆ ಬಂದಾಗ, ಮನೆಯಲ್ಲಿ ಮುಚ್ಚಿಡಲಾಗದೆ ಹೋದಾಗ ಬಂಡಿ ಕಟ್ಟಿಸುತ್ತಿದ್ದರು. ಡಾಕ್ಟರು ಆಪರೇಷನ್ ಮಾಡುತ್ತಿದ್ದರು. ಆರು ತಿಂಗಳಲ್ಲೋ ವರ್ಷದಲ್ಲೋ ಆಕೆ ತೀರಿಹೋಗುತ್ತಿದ್ದಳು. ಊರಿನ ಕಣ್ಣಿಗೆ ಕಂಡಿದ್ದು ಎರಡೇ ಸಂಗತಿ: ಕತ್ತಿ ಮುಟ್ಟಿತು, ಆಮೇಲೆ ಸತ್ತಳು. ಮೊದಲಿನ ಎರಡು ಮೂರು ವರ್ಷ ರೋಗ ಒಳಗೇ ಓಡಾಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ತಪ್ಪು ಕತ್ತಿಯ ತಲೆಗೆ ಬಂತು.

ನಮ್ಮ ಗೆಳತಿಯ ಆಯಿಯದೂ ಇದೇ ಕಥೆ. ಅವರ ಅಕ್ಕ ಹಿಂದೊಮ್ಮೆ ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿಸಿಕೊಂಡು ನಾಲ್ಕು ತಿಂಗಳಲ್ಲಿ ತೀರಿಕೊಂಡಿದ್ದರು. ಆಯಿ ಕಣ್ಣಾರೆ ಕಂಡದ್ದನ್ನೇ ಹೇಳಿದ್ದರು.

ನಮ್ಮ ಪಕ್ಕದಲ್ಲೇ ಈ ಭಯವನ್ನು ಎದುರಿಸಿದ ಒಂದು ಊರಿದೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿ. ಅಲ್ಲಿ 1982ರಲ್ಲಿ ನರ್ಗಿಸ್ ದತ್ತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಆಯಿತು. 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಅಲ್ಲೇ ಶುರುವಾಯಿತು. 346 ಹಳ್ಳಿಗಳ ಲೆಕ್ಕ ಇಡಬೇಕಿತ್ತು. ಹಳ್ಳಿಯ ರೋಗಿಗಳು ದವಾಖಾನೆಗೇ ಹೋಗದಿದ್ದರೆ ದಾಖಲೆ ಎಲ್ಲಿಂದ ಸಿಗಬೇಕು? ಆದ್ದರಿಂದ ನೋಂದಣಿಯವರೇ ಊರೂರಿಗೆ ಹೋದರು. ಜನರ ಜೊತೆ ಕುಳಿತು ರೋಗದ ಗುರುತುಗಳನ್ನು ಹೇಳಿದರು, ಅನುಮಾನ ಇದ್ದವರನ್ನು ಆಸ್ಪತ್ರೆಗೆ ಕರೆತಂದರು. ಕೆಲವೇ ವರ್ಷಗಳಲ್ಲಿ ಆ ಹಳ್ಳಿಗಳ ಹೆಂಗಸರು ಗರ್ಭಕೊರಳಿನ ಕ್ಯಾನ್ಸರ್‌ಗೆ ಮೊದಲಿಗಿಂತ ಬೇಗ ಬರತೊಡಗಿದ್ದು ದಾಖಲೆಯಲ್ಲಿ ಕಾಣಿಸಿತು. ಬರೀ ಮಾತಿನಿಂದ ಆದ ಬದಲಾವಣೆ ಅದು.

ಕತ್ತಿ ಚಿಕ್ಕದಾಯಿತು

ಅತ್ತ ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಎಂಬ ಸರ್ಜನ್ನರು ಹಾಲ್‌ಸ್ಟೆಡ್ ನಂಬಿಕೆಯನ್ನು ಪ್ರಶ್ನೆ ಮಾಡಿದರು. ಕ್ಯಾನ್ಸರ್ ಕೋಶ ಶುರುವಿನಲ್ಲೇ ರಕ್ತಕ್ಕೆ ಇಳಿಯಬಲ್ಲದು, ಹಾಗಿದ್ದಾಗ ಎದೆಯನ್ನೆಲ್ಲಾ ಕೊಯ್ದು ಏನು ಲಾಭ ಎಂದರು. ಅವರ ನೇತೃತ್ವದಲ್ಲಿ 1976ರಲ್ಲಿ ಶುರುವಾದ ಅಧ್ಯಯನದಲ್ಲಿ 1,851 ಹೆಂಗಸರು ಭಾಗಿಯಾದರು. ಕೆಲವರಿಗೆ ಇಡೀ ಸ್ತನ ತೆಗೆದರು. ಕೆಲವರಿಗೆ ಗಂಟು ಮಾತ್ರ ತೆಗೆದರು. ಇನ್ನು ಕೆಲವರಿಗೆ ಗಂಟು ತೆಗೆದು ವಿಕಿರಣ ಚಿಕಿತ್ಸೆ, ಅಂದರೆ ನಮ್ಮವರು ಹೇಳುವ 'ಕರೆಂಟ್', ಕೊಟ್ಟರು. 20 ವರ್ಷ ಕಾದು ನೋಡಿದರು. ಬದುಕಿ ಉಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಆದರೆ ಬರೀ ಗಂಟು ತೆಗೆದು ಕರೆಂಟ್ ಕೊಡದಿದ್ದರೆ ಅದೇ ಎದೆಯಲ್ಲಿ ಗಂಟು ಮತ್ತೆ ಬರುವುದು ಹೆಚ್ಚಿತ್ತು. ಗಂಟು ಚಿಕ್ಕದಿರುವಾಗ ಬಂದ ಎಷ್ಟೋ ಹೆಂಗಸರ ಸ್ತನ ಇವತ್ತು ಉಳಿಯುತ್ತಿದ್ದರೆ ಅದಕ್ಕೆ ಇಂಥ ಅಧ್ಯಯನಗಳೇ ಕಾರಣ. ಆಪರೇಷನ್ ಜೊತೆ ಮೈಯೆಲ್ಲ ಸುತ್ತುವ ಔಷಧಿ ಕೊಡುವುದೂ ಇದೇ ತಿಳಿವಳಿಕೆಯಿಂದ. ಅಲೆಮಾರಿ ಕೋಶವನ್ನು ಕತ್ತಿ ಹಿಡಿಯಲಾರದು, ಔಷಧಿ ಹಿಡಿಯಬಹುದು.

ಇನ್ನೆರಡು ಲೆಕ್ಕ ನೋಡಿ, ಎರಡೂ ಪ್ರಾಣಿಗಳ ಮೇಲಿನ ಪ್ರಯೋಗದವು. 1970ರಲ್ಲಿ ಐಸಾಯ ಫಿಡ್ಲರ್ ಎಂಬ ವಿಜ್ಞಾನಿ ಇಲಿಗಳ ರಕ್ತಕ್ಕೆ ಕ್ಯಾನ್ಸರ್ ಕೋಶ ಬಿಟ್ಟು ಬೆನ್ನಟ್ಟಿದರು. ಒಂದು ದಿನದಲ್ಲಿ ಹೆಚ್ಚುಕಡಿಮೆ ಎಲ್ಲವೂ ಸತ್ತಿದ್ದವು. ಹತ್ತು ಸಾವಿರದಲ್ಲಿ ಒಂದೂ ಹೊಸ ಗಡ್ಡೆಯಾಗಿ ಬೆಳೆಯುವುದು ಕಷ್ಟವಿತ್ತು. ಅಂದರೆ ಒಂದೆರಡು ಕೋಶ ಕಳಚಿತೆಂದ ಮಾತ್ರಕ್ಕೆ ರೋಗ ಹರಡುವುದಿಲ್ಲ. ಇನ್ನೊಂದು ಲೆಕ್ಕ 1975ರದು. ಇಲಿಗಳ ಸ್ತನದ ಗಡ್ಡೆಯನ್ನು ಯಾರೂ ಮುಟ್ಟದೆ ಹಾಗೇ ಬಿಟ್ಟರೂ ಒಂದು ಗ್ರಾಂ ಗಡ್ಡೆಯಿಂದ ದಿನಕ್ಕೆ 30 ಲಕ್ಷಕ್ಕೂ ಹೆಚ್ಚು ಕೋಶಗಳು ರಕ್ತಕ್ಕೆ ಇಳಿಯುತ್ತಿದ್ದವು.

ಎರಡನ್ನೂ ಕೂಡಿಸಿ ನೋಡಿ. ಸೂಜಿ ಹೋಗುವುದು ಒಂದು ದಿನ, ಕೆಲವು ನಿಮಿಷ. ಗಂಟು ತಾನಾಗಿ ಬೀಜ ಉದುರಿಸುವುದು ದಿನಾ, ಹಗಲೂ ರಾತ್ರಿ. ಹೊಲದ ಬದುವಿನಲ್ಲಿ ಕಾಂಗ್ರೆಸ್ ಕಸ ಹೂ ಬಿಟ್ಟು ನಿಂತಿದೆ ಎಂದುಕೊಳ್ಳಿ. ಕಿತ್ತರೆ ನಾಲ್ಕು ಬೀಜ ಉದುರುತ್ತವೆ ಎಂದು ಹಾಗೇ ಬಿಡುತ್ತೇವೆಯೇ? ಬಿಟ್ಟರೆ ಗಾಳಿಗೆ ಸಾವಿರ ಉದುರುತ್ತವೆ.

300 ಲಾರಿ ತೊಗರಿಯಲ್ಲಿ 5 ಕಾಳು

ಆಶ್‌ವರ್ತ್ ಕಂಡ ಕೋಶಗಳನ್ನು ಬದುಕಿರುವವರ ರಕ್ತದಲ್ಲಿ ನಂಬಿಕೆಯಾಗುವಂತೆ ಎಣಿಸಲು 135 ವರ್ಷ ಬೇಕಾಯಿತು. ಯಾಕೆ ಅಷ್ಟು ಕಷ್ಟ? ಪರೀಕ್ಷೆಗೆ ತೆಗೆಯುವುದು 7.5 ಮಿಲಿಲೀಟರ್ ರಕ್ತ, ಒಂದೂವರೆ ಚಹಾ ಚಮಚದಷ್ಟು. ಅದರಲ್ಲಿ ಕೆಂಪು ಕಣಗಳೇ ಸುಮಾರು 3,000 ಕೋಟಿ ಇರುತ್ತವೆ. ಒಂದು ಕ್ವಿಂಟಲ್ ತೊಗರಿಯಲ್ಲಿ ಅಂದಾಜು 10 ಲಕ್ಷ ಕಾಳು ಎಂದು ಹಿಡಿದರೆ ಅದು 30,000 ಕ್ವಿಂಟಲ್, ನೂರು ಕ್ವಿಂಟಲ್ಲಿನ ಲಾರಿಗಳಾದರೆ 300. ಅದರಲ್ಲಿ ಬೇರೆ ಜಾತಿಯ 5 ಕಾಳು ಹುಡುಕಬೇಕು.

ಹುಡುಕಲು ಅಯಸ್ಕಾಂತ ಬಳಸಿದರು. ಕಬ್ಬಿಣದ ಅತಿ ಸಣ್ಣ ಕಣಗಳಿಗೆ ಕ್ಯಾನ್ಸರ್ ಕೋಶದ ಮೈಗೆ ಮಾತ್ರ ಅಂಟುವಂಥ ಪದಾರ್ಥ ಸವರಿ ರಕ್ತಕ್ಕೆ ಬೆರೆಸುತ್ತಾರೆ. ಆಮೇಲೆ ಅಯಸ್ಕಾಂತ ಹಿಡಿದರೆ ಆ ಕೋಶಗಳು ಒಂದು ಕಡೆ ಸೇರುತ್ತವೆ. 2004ರಲ್ಲಿ ಅಮೆರಿಕದಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು. ಆಗಲೇ ರೋಗ ಬೇರೆ ಅಂಗಕ್ಕೆ ಹರಡಿದ್ದ 177 ಹೆಂಗಸರನ್ನು ನೋಡಿದಾಗ, 7.5 ಮಿಲಿಲೀಟರ್‌ನಲ್ಲಿ 5 ಅಥವಾ ಹೆಚ್ಚು ಅಲೆಮಾರಿ ಕೋಶ ಇದ್ದವರು ಉಳಿದವರಿಗಿಂತ ಬೇಗ ತೀರಿಕೊಳ್ಳುತ್ತಿದ್ದುದು ಕಂಡಿತು. 2014ರಲ್ಲಿ ಇನ್ನೊಂದು ಗುಂಪು, ಒಂಟಿ ಕೋಶಕ್ಕಿಂತ ಗೊಂಚಲಾಗಿ ಹೋಗುವ ಕೋಶಗಳು ಬೇರು ಬಿಡುವುದು ಹೆಚ್ಚು ಎಂದು ಇಲಿಗಳಲ್ಲಿ ತೋರಿಸಿತು.

ಇಲ್ಲೊಂದು ಎಚ್ಚರಿಕೆ. "ಬರೀ ರಕ್ತದಲ್ಲೇ ಕ್ಯಾನ್ಸರ್ ಪತ್ತೆ" ಎಂಬ ಜಾಹೀರಾತು ಈಗ ನಮ್ಮ ಫೋನಿಗೂ ಬರುತ್ತಿದೆ. ಅಲೆಮಾರಿ ಕೋಶದ ಎಣಿಕೆ ರೋಗದ ಬಲ ತಿಳಿಯಲು ನೆರವಾಗುತ್ತದೆ. ಆದರೆ ಎದೆಯಲ್ಲಿ ಗಂಟಿರುವವರಿಗೆ ಅದು ಬಯಾಪ್ಸಿಯ ಬದಲಿಗೆ ಆಗುವ ಪರೀಕ್ಷೆ ಅಲ್ಲ. ರೋಗ ಸಣ್ಣದಿದ್ದಾಗ ಒಂದೂವರೆ ಚಮಚ ರಕ್ತದಲ್ಲಿ ಒಂದು ಕೋಶವೂ ಸಿಗದಿರಬಹುದು. ಹರಡಿದ ರೋಗದಲ್ಲಿ ಎಣಿಕೆ ಇಳಿಯಲಿಲ್ಲವೆಂದು ಕೀಮೋ ಔಷಧಿಯನ್ನು ಬೇಗ ಬದಲಿಸಿ ನೋಡಿದ 2014ರ ಅಧ್ಯಯನದಲ್ಲೂ ಆಯಸ್ಸು ಹೆಚ್ಚಲಿಲ್ಲ. ರಕ್ತದ ರಿಪೋರ್ಟ್ ಚೆನ್ನಾಗಿದೆ ಎಂದು ಕೈಗೆ ಸಿಗುವ ಗಂಟನ್ನು ಬಿಟ್ಟು ಕೂರಬೇಡಿ.

ಆಯಿಯ ಪ್ರಶ್ನೆಗೆ ಉತ್ತರ

ಹಾಗಾದರೆ ಸೂಜಿ, ಕತ್ತಿಯಿಂದ ಏನೂ ಆಗುವುದಿಲ್ಲವೇ? ನಿಜ ಹೇಳಬೇಕು. ಸೂಜಿ ಹೋದ ದಾರಿಯಲ್ಲಿ ಕೆಲವೊಮ್ಮೆ ಒಂದಿಷ್ಟು ಕೋಶ ಜರುಗುತ್ತವೆ. ಅವುಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಆಮೇಲೆ ಆಪರೇಷನ್, ಕರೆಂಟ್, ಔಷಧಿ ಇದ್ದೇ ಇವೆ. ಸೂಜಿ ಪರೀಕ್ಷೆ ಮಾಡಿಸಿಕೊಂಡಿದ್ದಕ್ಕೆ ಸ್ತನ ಕ್ಯಾನ್ಸರ್ ಇರುವವರ ಆಯಸ್ಸು ಕಡಿಮೆಯಾಗುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಪರೀಕ್ಷೆ ಇಲ್ಲದೆ ಯಾವ ಔಷಧಿ ಕೊಡಬೇಕೆಂದೂ ತಿಳಿಯದು. ಕೆಡುಕಾಗುವುದು ಗಂಟನ್ನು ಕುರು ಎಂದು ತಿಳಿದು, ಪರೀಕ್ಷೆ ಇಲ್ಲದೆ, ಯಾರೋ ಊರಲ್ಲೇ ಕೊಯ್ದು ಪಟ್ಟಿ ಕಟ್ಟಿದಾಗ. ಅಂಥ ಕತ್ತಿಗೆ ಹೆದರಬೇಕಾದ್ದೇ.

ಆಪರೇಷನ್ ಹೊತ್ತಿನಲ್ಲಿ ಕೋಶಗಳು ಕಳಚಿದರೆ ಏನು ಗತಿ ಎಂಬ ಪ್ರಶ್ನೆಯನ್ನು ನಮ್ಮ ದೇಶದ ಡಾಕ್ಟರುಗಳೇ ಕೈಗೆತ್ತಿಕೊಂಡರು. ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಜೊತೆಗಾರರು 2011ರಿಂದ ಭಾರತದ 11 ಕೇಂದ್ರಗಳಲ್ಲಿ ಸುಮಾರು 1,600 ಹೆಂಗಸರ ಮೇಲೆ ಅಧ್ಯಯನ ನಡೆಸಿದರು. ಅರ್ಧದಷ್ಟು ಜನರಿಗೆ ಕತ್ತಿ ಹಾಕುವ 7ರಿಂದ 10 ನಿಮಿಷ ಮೊದಲು ಗಂಟಿನ ಸುತ್ತ ಮರಗಟ್ಟಿಸುವ ಔಷಧಿ ಚುಚ್ಚಿದರು. ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅದೇ ಲಿಗ್ನೊಕೇನ್. ತೀರ ಅಗ್ಗದ ಔಷಧಿ. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಐದು ವರ್ಷಗಳ ನಂತರ ಆ ಔಷಧಿ ಪಡೆದವರಲ್ಲಿ ಶೇ 90.1 ಜನ ಬದುಕಿದ್ದರು, ಪಡೆಯದವರಲ್ಲಿ ಶೇ 86.4.

ಈ ಅಂಕಿಗಳನ್ನು ಎರಡು ಸಲ ಓದಿ. ಆಯಿಯ ಅನುಮಾನಕ್ಕೆ ಒಂದು ಕಾಳಿನಷ್ಟು ಆಧಾರ ಇತ್ತು, ಅದಕ್ಕೇ ಡಾಕ್ಟರುಗಳು ಅದರ ಬೆನ್ನು ಹತ್ತಿದರು. ಆದರೆ ಆ ವಿಶೇಷ ಔಷಧಿ ಇಲ್ಲದೆಯೇ ಆಪರೇಷನ್ ಮಾಡಿಸಿಕೊಂಡವರಲ್ಲೂ ನೂರಕ್ಕೆ 86 ಜನ ಐದು ವರ್ಷಗಳ ನಂತರ ಬದುಕಿದ್ದರು. ಅವರೆಲ್ಲ ರೋಗ ಬೇರೆ ಅಂಗಕ್ಕೆ ಹರಡುವ ಮೊದಲೇ ಬಂದವರು. ಕತ್ತಿ ಮುಟ್ಟಿದರೆ ಸಾಯುತ್ತಾರೆ ಎಂಬುದು ನಿಜವಾಗಿದ್ದರೆ ಇಷ್ಟು ಜನ ಉಳಿಯುತ್ತಿರಲಿಲ್ಲ.

ಬೇಗ ಬರುವುದಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಮುಂಬಯಿಯ ಕೊಳೆಗೇರಿಗಳಲ್ಲಿ 1998ರಲ್ಲಿ ಶುರುವಾದ ಟಾಟಾ ಆಸ್ಪತ್ರೆಯ ಇನ್ನೊಂದು ಅಧ್ಯಯನದಲ್ಲಿ 1,51,538 ಹೆಂಗಸರಿದ್ದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಅವರಲ್ಲಿ ಅರ್ಧದಷ್ಟು ಜನರ ಎದೆಯನ್ನು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. 20 ವರ್ಷಗಳ ಲೆಕ್ಕದಲ್ಲಿ ರೋಗ ಬೇಗ ಪತ್ತೆಯಾಗತೊಡಗಿತ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹೆಚ್ಚುಕಡಿಮೆ ಶೇ 30ರಷ್ಟು ಇಳಿದಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಸಾವು ಅಷ್ಟು ಇಳಿಯಲಿಲ್ಲ.

ಈಗ ಏನು ಮಾಡಬೇಕು?

ಎದೆಯಲ್ಲಾಗಲಿ ಬಗಲಿನಲ್ಲಾಗಲಿ ಗಂಟು, ಮೊಲೆತೊಟ್ಟು ಒಳಗೆ ಸೇದಿಕೊಳ್ಳುವುದು, ತೊಟ್ಟಿನಿಂದ ರಕ್ತ ಒಸರುವುದು, ಚರ್ಮ ಮೋಸಂಬಿ ಸಿಪ್ಪೆಯ ಹಾಗೆ ಆಗುವುದು, ಇವುಗಳಲ್ಲಿ ಯಾವುದು ಕಂಡರೂ ತೋರಿಸಿ. ನೋವಿಲ್ಲ ಎಂದು ಬಿಡಬೇಡಿ. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅಲ್ಲ ಎಂದು ಖಾತ್ರಿ ಆಗುವುದೂ ಪರೀಕ್ಷೆಯಿಂದಲೇ.

30 ವರ್ಷ ದಾಟಿದ ಹೆಂಗಸರಿಗೆ ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಎದೆ ಪರೀಕ್ಷೆ ಮಾಡಬೇಕೆಂಬ ಯೋಜನೆ ಇದೆ. ನಿಮ್ಮೂರ ಆಶಾ ಅಕ್ಕನನ್ನು ಕೇಳಿ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಶಾಖೆ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಮರೆಯಬೇಡಿ.

ಕಾಕಿಯ ವಿಷಯ ಹೇಳಿ ಮುಗಿಸುತ್ತೇವೆ. ಹದಿನಾಲ್ಕು ತಿಂಗಳ ನಂತರ ಅವರಿಗೆ ಬೆನ್ನು ನೋವು ಶುರುವಾಯಿತು. ಬಗ್ಗಿ ಕಳೆ ತೆಗೆದದ್ದಕ್ಕೆ ಬಂದ ನೋವು ಎಂದುಕೊಂಡರು. ಸ್ಕ್ಯಾನ್ ಮಾಡಿಸಿದಾಗ ಕ್ಯಾನ್ಸರ್ ಬೆನ್ನೆಲುಬಿಗೆ ಹೋಗಿತ್ತು. ಎರಡು ವರ್ಷ ಔಷಧಿ ತೆಗೆದುಕೊಂಡರು, ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಹೋಗುವ ಮೊದಲು ಒಂದು ದಿನ, "ಅವತ್ತೇ ಸೂಜಿ ಹಾಕಿಸ್ಕೊಂಡಿದ್ರ ಏನಾಗ್ತಿತ್ತೇ?" ಎಂದು ನಮ್ಮ ಗೆಳತಿಯನ್ನು ಕೇಳಿದ್ದರು. ಉಳಿಯುತ್ತಿದ್ದರು ಎಂದು ಖಾತ್ರಿಯಾಗಿ ಯಾರೂ ಹೇಳಲಾರರು. ಆದರೆ ಇಷ್ಟು ಹೇಳಬಹುದು: ಅದು ಬೆನ್ನೆಲುಬು ಮುಟ್ಟುವವರೆಗೆ ಅವರ ಎದೆಯ ಗಂಟಿಗೆ ಒಂದು ಸೂಜಿಯೂ ತಾಗಿರಲಿಲ್ಲ.